ಹೆಪ್ಪಿನ ಡಬ್ಬ್ಯಾಗ ಮೆಣಸಿನಕಾಯಿ ಬೀಜ: ಧಾರವಾಡದ ಒಂದು ಮನಿಯ ಪ್ರಕರಣ

ಹೋದ ವರ್ಷ ಡಿಸೆಂಬರ್‌ದಾಗ ನಮ್ಮ ಅವ್ವ ರಂಜಕ (ಹಣ್ಣ ಮೆಣಸಿನಕಾಯಿ ಚಟ್ನಿ) ಮಾಡಾಕಂತ 3 ಕೆಜಿ ಹಣ್ಣ ಮೆಣಸಿನಕಾಯಿ ತರಿಸಿದ್ಲು. ಬ್ಯಾಡಗಿ ಕಡೆದು, ಕಡು ಕೆಂಪು, ತೊಟ್ಟು ಇನ್ನೂ ಹಸರ ಇತ್ತು. ತೊಳೆದು ಒರಸಿ ತೊಟ್ಟ ಮುರಿಯೋವಾಗ ನಾನೂ ಕೂತಿದ್ನಿ, ಆಗ ಅನಿಸ್ತು ಇದರ ಬೀಜ ಯಾಕ ಹಾಕಬಾರದು ಅಂತ, ಛಲೋ ದಪ್ಪನವು ಒಂದ್ ಆರು ಕಾಯಿ ಬ್ಯಾರೆ ತಗದು ಸೀಳಿ ಬೀಜ ಬಿಡಿಸಿ ಪೇಪರ್ ಮ್ಯಾಲೆ ನೆಳ್ಳಾಗ ಹತ್ತ ದಿನ ಒಣಗಿಸಿದ್ನಿ. ಅದರ ಜೋಡಿ ಗುವಾಹಟಿಯಾಗ ಕೆಲಸಾ ಮಾಡೋ ಒಬ್ಬ ಗೆಳೆಯ ಭೂತ್ ಜೊಲೊಕಿಯಾ ಬೀಜ 32 ಕೊಟ್ಟಿದ್ದ. 2007ರಾಗ ಜಗತ್ತಿನಾಗ ಎಲ್ಲಾಕ್ಕಿಂತ ಖಾರ ಅಂತ ಗಿನ್ನೆಸ್ ದಾಖಲೆ ಆಗಿದ್ದು ಅದೇ ಕಾಯಿ, ಖಾರ ಅಳಿಯೋ ಸ್ಕೋವಿಲ್ ಮಾನದಾಗ 10 ಲಕ್ಷ ದಾಟಿತ್ತು. ಒಂದ್ ಕಡೆ ಖಾರ ಕಡಿಮಿ ಬಣ್ಣ ಹೆಚ್ಚು ಇರೋ ನಮ್ಮ ಬ್ಯಾಡಗಿ, ಇನ್ನೊಂದ್ ಕಡೆ ಅದು. ಎರಡನ್ನೂ ಮನಿ ಒಳಗ ಬೀಜದಿಂದ ಎಬ್ಬಿಸಿ ಮಾಳಗಿ ಮ್ಯಾಲೆ ಬೆಳೀಬೇಕಂತ ಹೊಂಟ್ನಿ. ಮೂರ್ ತಿಂಗಳಾಗ ಏನೇನ ಆತು, ಎಷ್ಟ ಸತ್ವು, ಎಷ್ಟ ಉಳದ್ವು, ಯಾಕ, ಎಲ್ಲಾ ವಹಿಯಾಗ ಬರದಿಟ್ಟಿದ್ನಿ, ಅದನ್ನ ನೋಡಿನೇ ಇದನ್ನ ಬರಿಯಾಕತ್ತೇನಿ.

ನಮ್ಮ ಕಡೆ ಮನಿ ಒಳಗ ಬೀಜ ಹಾಕೂದು ಯಾಕಂತ ಭಾಳ ಮಂದಿ ಕೇಳಿದ್ರು. ಹಾವೇರಿ, ಗದಗ ಕಡೆ ರೈತರು ಮೇ-ಜೂನ್‌ದಾಗ ಮಡಿ ಮಾಡಿ ಬೀಜ ಹಾಕ್ತಾರ, 40-45 ದಿನಕ್ಕ ಅಗಿ ಕಿತ್ತು ಹೊಲದಾಗ ಹಚ್ತಾರ, ಅವರಿಗೆ ಅದು ಸರಿ. ಆದ್ರ ನನಗ ಬೇಕಾಗಿದ್ದು ಮಳಿ ಹಿಡಿಯೋದ್ರಾಗ ಗಿಡ ಗಟ್ಟಿ ಆಗಿರಬೇಕು ಅನ್ನೂದು. ಭೂತ್ ಜೊಲೊಕಿಯಾ ಜಾತಿದು ಅಗಿ ಹಚ್ಚಿದ ಮ್ಯಾಲೂ ಕಾಯಿ ಹಣ್ಣಾಗಾಕ ನಾಲ್ಕ ತಿಂಗಳ ಸುಮಾರು ತಗೋತೈತಿ, ಹಂಗಾಗಿ ಜನವರಿಯಾಗ ಶುರು ಮಾಡಬೇಕು. ಜನವರಿ ಅಂದ್ರ ಧಾರವಾಡದಾಗ ರಾತ್ರಿ ಥಂಡಿ 13-14 ಡಿಗ್ರಿಗೆ ಇಳೀತೈತಿ, ಮಾಳಗಿ ಮ್ಯಾಲೆ ಇಟ್ರ ಬೀಜ ಮಲಕೊಂಡೇ ಇರ್ತಾವ. ಅದರ ಮ್ಯಾಲೆ ಇರವಿ ಬೀಜ ಹೊತ್ಕೊಂಡ ಹೋಗ್ತಾವ, ಗುಬ್ಬಿ ಎಳಿ ಸಸಿ ಚಿವುಟ್ತಾವ, ಥ್ರಿಪ್ಸ್ ನುಶಿ ಕಾಟ ಬ್ಯಾರೆ. ಎಳಿ ಇದ್ದಾಗನ ನುಶಿ ಹತ್ತಿದ್ರ ಆ ಗಿಡ ಮತ್ತ ಸುಧಾರಿಸೂದು ಕಷ್ಟ.

ಮೊದಲನೇ ಸರ್ತಿ ಜನವರಿ 2ಕ್ಕ ಹಾಕಿದ್ನಿ. ಚಹಾದ ಕಾಗದದ ಕಪ್ಪು, ತಳಕ್ಕ ತೂತು, ಒಳಗ ತುಳಸಿ ಕಟ್ಟಿ ಮಗ್ಗಲಿನ ಮಣ್ಣು ಅರ್ಧ, ಸಗಣಿ ಗೊಬ್ಬರ ಅರ್ಧ. ರಂಜಕದ ಬೀಜ 24, ಅಡಗಿ ಮನಿ ಡಬ್ಬ್ಯಾಗಿನ ಒಣ ಬ್ಯಾಡಗಿ ಕಾಯಿದು 12, ಭೂತ್ ಜೊಲೊಕಿಯಾ 16. ಅರ್ಧ ಸೆಂಟಿಮೀಟರ್ ಆಳಕ್ಕ ಹಾಕಿ, ನೀರ ಕೊಟ್ಟು, ಅಡಗಿ ಮನಿ ಕಿಟಕಿ ಕಟ್ಟಿ ಮ್ಯಾಲೆ ಸಾಲಾಗಿ ಇಟ್ನಿ. ಕರಿ ಗ್ರಾನೈಟ್ ಕಟ್ಟಿ ಅದು, ಬಿಸಲು ಬರ್ತೈತಿ, ಛಲೋ ಜಾಗಾ ಅಂತ ಅನಿಸಿತ್ತು. ಸಂಕ್ರಾಂತಿ ಬಂತು, ಕುಸುರೆಳ್ಳು ಹಂಚಿ ಮುಗೀತು, ಕಪ್ಪಿನಾಗ ಏನೂ ಇಲ್ಲ. 16 ದಿನಕ್ಕ ರಂಜಕದ 24ರಾಗ 3 ಎದ್ದಿದ್ವು, ಒಣ ಕಾಯಿದ್ದು ಒಂದೂ ಇಲ್ಲ, ಭೂತ್ ಒಂದೂ ಇಲ್ಲ.

ಬೀಜ ಕೆಟ್ಟಾವ ಅಂತ ಎಲ್ಲಾರೂ ಅಂದ್ರು. ನಾನೂ ಹಂಗ ತಿಳಕೊಂಡು ಕಪ್ಪು ಬೋರಲ ಹಾಕಿ ಮಣ್ಣು ಕೆದರಿ ಹುಡುಕಿದ್ನಿ. ಅಲ್ಲೇ ಈ ಪ್ರಕರಣ ತಿರುವು ತಗೊಂತು, ಯಾಕಂದ್ರ ಸಿಕ್ಕ ಬೀಜದಾಗ ಹೆಚ್ಚಿನವು ಕೊಳತಿದ್ದಿಲ್ಲ. ಉಗುರಿಲೆ ಒತ್ತಿದ್ರ ಗಟ್ಟಿನ ಇದ್ವು, ನೀರ ಕುಡದು ಒಂಚೂರು ಉಬ್ಬಿದ್ವು, ಬಣ್ಣ ತಿಳಿ ಹಳದಿ ಹಂಗೇ ಇತ್ತು. ಒಂದ ಬೀಜ ಬ್ಲೇಡಿಲೆ ಸೀಳಿದ್ನಿ, ಒಳಗ ಬೆಳ್ಳಗ ಸುರುಳಿ ಸುತ್ತಿಕೊಂಡ ಮೊಳಕಿ ನೆಟ್ಟಗೈತಿ. ಅಂದ್ರ ಬೀಜ ಸತ್ತಿಲ್ಲ, ಕಾಯಾಕತ್ತಾವ. ಏನಕ್ಕ ಕಾಯಾಕತ್ತಾವ?

ಮೆಣಸಿನಕಾಯಿ ಬೀಜಕ್ಕ 25ರಿಂದ 30 ಡಿಗ್ರಿ ಕಾವು ಬೇಕು, 18ಕ್ಕಿಂತ ಕೆಳಗ ಹೋದ್ರ ಭಾಳ ನಿಧಾನ. ನಮ್ಮ ಮನ್ಯಾಗ ಹಗಲು 27-28 ಇರ್ತೈತಿ ಅಂತ ನಾ ಅರಾಮ ಇದ್ನಿ. ಆದ್ರ ಬೀಜ ಇರೂದು ಗಾಳ್ಯಾಗ ಅಲ್ಲ, ಮಣ್ಣಾಗ. ವಯರ್ ಇರೋ ಒಂದ್ ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದು ಅದರ ತುದಿ ಕಪ್ಪಿನ ಮಣ್ಣಾಗ ಚುಚ್ಚಿಟ್ಟು ನೋಡಿದ್ನಿ. ಮಧ್ಯಾಹ್ನ 3ಕ್ಕ 26. ಮುಂಜಾನೆ ಐದೂವರಿಗೆ ಎದ್ದು ನೋಡಿದ್ರ 15.5. ಅದೇ ಹೊತ್ತಿಗೆ ಖೋಲಿ ಗಾಳಿ 19 ಇತ್ತು. ಮೂರೂವರಿ ಡಿಗ್ರಿ ಫರಕು. ಒಂದು, ಗ್ರಾನೈಟ್ ಕಲ್ಲು ರಾತ್ರಿ ಕಾವು ಹೀರಕೋತೈತಿ, ಬರಿಗಾಲಿಲೆ ನಿಂತ್ರ ಗೊತ್ತಾಗ್ತೈತಲ್ಲ ಹಂಗ. ಎರಡು, ಕಾಗದದ ಕಪ್ಪು ತೊಯ್ದಿರ್ತೈತಿ, ಅದರ ಮೈಯಿಂದ ನೀರು ಆರ್ತಾ ಇರ್ತೈತಿ, ಬ್ಯಾಸಗ್ಯಾಗ ಮಣ್ಣಿನ ಗಡಿಗ್ಯಾಗ ನೀರು ತಣ್ಣಗ ಆಗೂದು ಹೆಂಗೋ ಇದೂ ಹಂಗ. ಬೀಜಕ್ಕ ಬೆಚ್ಚಗ ಬೇಕು ಅಂತ ಗೊತ್ತಿದ್ದೂ ನಾ ಅದನ್ನ 16 ದಿನ ಗಡಿಗ್ಯಾಗ ಇಟ್ಟಂಗ ಆಗಿತ್ತು.

ಇಲ್ಲೊಂದು ಮಾತು, ಒಣ ಕಾಯಿ ಬೀಜದ್ದು ಬ್ಯಾರೆ ಕಥಿ. ಕಾವು ಸರಿ ಮಾಡಿದ ಮ್ಯಾಲೆ ಅದನ್ನೂ 12 ಮತ್ತ ಹಾಕಿ ನೋಡಿದ್ನಿ, 2 ಮಾತ್ರ ಮೊಳತ್ವು. ಬ್ಯಾಡಗಿ ಸುತ್ತ ಕೋಲ್ಡ್ ಸ್ಟೋರೇಜ್ ಎಷ್ಟ ಅದಾವ ಅಂತ ಆ ಕಡೆ ಹೋದವ್ರಿಗೆ ಗೊತ್ತು, ಕಾಯಿ ಅಲ್ಲಿ ವರ್ಷಗಟ್ಟಲೆ ಇದ್ದು ಬರಬಹುದು, ಅಂಗಡ್ಯಾಗ ಮತ್ತ ಆರ ತಿಂಗಳು, ನಮ್ಮ ಡಬ್ಬ್ಯಾಗ ಮತ್ತ ಎಷ್ಟೋ. ಮೆಣಸಿನಕಾಯಿ ಬೀಜ ಎರಡ್-ಮೂರ್ ವರ್ಷಕ್ಕ ಕಸುವು ಕಳಕೋತಾವ. ಅದಕ್ಕ ಅಡಗಿ ಮನಿ ಒಣ ಕಾಯಿ ನೆಚ್ಚಿಕೊಂಡು ಕೂಡಬ್ಯಾಡ್ರಿ, ಹಣ್ಣ ಮೆಣಸಿನಕಾಯಿ ಸಿಗೋ ಹೊತ್ನ್ಯಾಗ ಬೀಜ ತಗದು ಇಟ್ಕೋರಿ. ಮತ್ತ ಭೂತ್ ಜಾತಿ ಕಾಯಿ ಬಿಡಿಸೋದಿದ್ರ ಕೈಗೆ ಗ್ಲೌಸ್ ಬೇಕೇ ಬೇಕು. ಖಾರ ಇರೂದು ಬೀಜದ ಒಳಗಲ್ಲ, ಬೀಜ ಅಂಟಿಕೊಂಡಿರೋ ಆ ಬಿಳಿ ತಿರುಳಿನ್ಯಾಗ, ಬಿಡಿಸೋವಾಗ ಅದು ಎಲ್ಲಾ ಕಡೆ ಹತ್ತಿಕೋತೈತಿ.

ಕಾವು ಹೆಂಗ ಕೊಡೂದು? ಹೀಟ್ ಮ್ಯಾಟ್ ಅಂತ ಆನ್‌ಲೈನ್ ಸಿಗ್ತಾವ, ತರಿಸೂ ಮೊದಲ ಮನ್ಯಾಗ ಇದ್ದಿದ್ರಾಗ ಮಾಡೂಣು ಅಂತ ಫ್ರಿಜ್ ಮ್ಯಾಲೆ ಇಟ್ಟು ನೋಡಿದ್ನಿ. ಈಗಿನ ಫ್ರಿಜ್ ಮ್ಯಾಲೆ ಕಾವೇ ಇರೂದಿಲ್ಲ, ಮುಂಜಾನೆ 19 ತೋರಿಸ್ತು. ಇನ್ವರ್ಟರ್ ಮ್ಯಾಲೆ ಇಡು ಅಂತ ತಮ್ಮ ಅಂದ, ನೀರು ಮತ್ತ ಕರೆಂಟು ಒಂದ ಕಡೆ ಬ್ಯಾಡ ಅಂತ ನಾ ಒಪ್ಪಲಿಲ್ಲ. ಆಗ ಅವ್ವ, ನನ್ನ ವಹಿ, ಥರ್ಮಾಮೀಟರ್ ಎಲ್ಲಾ ಎರಡ್ ದಿನದಿಂದ ನೋಡಾಕತ್ತಿದ್ದಾಕಿ, ಅಂದ್ಲು: "ಥಂಡ್ಯಾಗ ಹಾಲಿಗೆ ಹೆಪ್ಪ ಹೆಂಗ ಹಾಕ್ತೀನಿ ನೋಡೀಯಿಲ್ಲೋ, ಹಂಗ ಇಡು."

ಅವ್ವ ಥಂಡಿ ದಿನದಾಗ ಹೆಪ್ಪ ಹಾಕಿದ ಬೋಗಾಣಿನ ಔಷಧಿ ಅಂಗಡ್ಯಾಗಿಂದ ತಂದ ಥರ್ಮಾಕೋಲ್ ಡಬ್ಬ್ಯಾಗ ಇಟ್ಟು ಮ್ಯಾಲೆ ಹಳೇ ಕೌದಿ ಹೊಚ್ತಾಳ, ಮುಂಜಾನೆ ಗಡ್ಡಿ ಮಸರು. ಅದೇ ಡಬ್ಬಿ ತಗೊಂಡ್ನಿ. ತಳದಾಗ ಬಿಸಿ ನೀರು ತುಂಬಿದ 1 ಲೀಟರಿನ ಎರಡು ಬಾಟ್ಲಿ ಅಡ್ಡ ಹಾಕಿ, ಅದರ ಮ್ಯಾಲೆ ಭಾಂಡಿ ಆರಿಸೋ ತಂತಿ ಜಾಲಿ, ಅದರ ಮ್ಯಾಲೆ ಬೀಜದ ಡಬ್ಬಿ, ಮುಚ್ಚಳ, ಕೌದಿ. ರಾತ್ರಿ ಹತ್ತಕ್ಕ ಒಮ್ಮೆ ನೀರು ಬದಲಿ, ಮುಂಜಾನೆ ಅವ್ವ ಚಹಾಕ್ಕ ಎದ್ದಾಗ ಒಮ್ಮೆ. ಕುದಿಯೋ ನೀರು ಹಾಕಬಾರದು, ಕೈ ಇಟ್ರ ತಡಕೊಳ್ಳೂವಷ್ಟ ಬಿಸಿ ಸಾಕು. ಥರ್ಮಾಮೀಟರ್ ಒಳಗ ಇಟ್ಟು ಎರಡು ರಾತ್ರಿ ಬೀಜ ಇಲ್ಲದನ ನೋಡಿದ್ನಿ, ಹೆಚ್ಚಂದ್ರ 29, ಕಡಿಮಿ ಅಂದ್ರ 24. ಇದ್ರಷ್ಟ ಛಲೋ ಮಷಿನ್ ನನಗ ಬೇಕಾಗಿದ್ದಿಲ್ಲ.

ಎರಡನೇ ಸರ್ತಿ ಮಣ್ಣಿಗೆ ನೇರ ಹಾಕಲಿಲ್ಲ. ಮಡಕಿಕಾಳು ಮೊಳಕಿ ಕಟ್ಟೂದು ನಮ್ಮ ಮನ್ಯಾಗ ವಾರಕ್ಕ ಒಮ್ಮೆ ಇದ್ದದ್ದ, ಅದೇ ರೀತಿ. ಜನವರಿ 20ಕ್ಕ ರಂಜಕದ ಬೀಜ 24, ಭೂತ್ ಉಳದ 16, ಬ್ಯಾರೆ ಬ್ಯಾರೆ ವಾಟಗದಾಗ ಉಗುರುಬೆಚ್ಚಗಿನ ನೀರಾಗ ರಾತ್ರಿಯೆಲ್ಲಾ ನೆನಿ ಹಾಕಿ, ಮುಂಜಾನೆ ಹಳೇ ಪಂಚೆ ಅರಿವಿ ತೊಯಿಸಿ ಗಟ್ಟಿ ಹಿಂಡಿ, ಬೀಜ ಒಂದಕ್ಕೊಂದು ತಾಗಲಾರದಂಗ ಸಾಲಾಗಿ ಇಟ್ಟು ಮಡಚಿ ಟಿಫಿನ್ ಡಬ್ಬ್ಯಾಗ ಹಾಕಿದ್ನಿ. ಅರಿವಿ ಹಿಂಡಿದ್ರ ನೀರು ತೊಟಕಬಾರದು, ಮುಟ್ಟಿದ್ರ ಹಸಿ ಅನಿಸಬೇಕು, ಅಷ್ಟ. ನೀರಾಗ ಮುಳುಗಿದ ಬೀಜಕ್ಕ ಉಸಿರು ಸಿಗೂದಿಲ್ಲ, ಕೊಳೀತಾವ. ದಿನಕ್ಕ ಒಮ್ಮೆ ಡಬ್ಬಿ ತಗದು ಗಾಳಿ ಆಡಿಸಿ ಮತ್ತ ಮುಚ್ಚೂದು. ಬೆಳಕು ಬೇಕಾಗಿಲ್ಲ ಈ ಹಂತಕ್ಕ.

ಜನವರಿ 26ಕ್ಕ, ಆರನೇ ದಿನ, ಝಂಡಾ ಹಾರಿಸೋದು ಮುಗಿಸಿ ಮನಿಗೆ ಬಂದು ಡಬ್ಬಿ ತಗದ್ರ ಎರಡು ಬೀಜದ ಮೂತಿ ಒಡದಿತ್ತು. ಮೆಣಸಿನಕಾಯಿ ಬೀಜ ಚಪ್ಪಟಿ, ಒಂದ್ ಕಡೆ ಸಣ್ಣ ಚುಂಚು ಇರ್ತೈತಲ್ಲ, ಅಲ್ಲಿಂದ ಇರವಿ ತತ್ತಿಯಷ್ಟು ಬೆಳ್ಳನ ತುದಿ ಹೊರಗ ಇಣುಕಿತ್ತು, ಕಣ್ಣಿಗೆ ಹತ್ರ ಹಿಡದ್ರನ ಕಾಣೂವಂಥಾದ್ದು. ಮರುದಿನ ಅದು ಕೊಂಕಿ ಕೆಳಗ ತಿರಗಿತ್ತು, ಮೂರನೇ ದಿನಕ್ಕ ಬೇರಿನ ಸುತ್ತ ಅರಳಿಯಂಗ ಹೊಗಿ ಬಣ್ಣದ ನವಿರು. ನಾ ಮೊದಲ ಬೂಸ್ಟು ಹತ್ತೇತಿ ಅಂತ ಗಾಬರಿ ಆದ್ನಿ, ನೀರ ಚಿಮುಕಿಸಿದ್ರ ಕೂತ್ವು, ಅವು ಬೇರಿನ ಕೂದಲು. ಈ ಹೊತ್ತಿಗೇ ಕಪ್ಪಿಗೆ ಹಾಕಬೇಕು, ಬೇರು 3-5 ಮಿಲಿಮೀಟರ್ ಇದ್ದಾಗ, ಅದಕ್ಕಿಂತ ಉದ್ದ ಬಿಟ್ರ ಅರಿವಿ ಎಳ್ಯಾಗ ಸಿಕ್ಕು ಮುರೀತಾವ. ನನ್ನ ಎರಡು ಹಂಗ ಮುರದ್ವು. ಬೆರಳಿಲೆ ಹಿಡಿಬ್ಯಾಡ್ರಿ, ತೊಯಿಸಿದ ಟೂತ್‌ಪಿಕ್ ತುದಿಗೆ ಅಂಟಿಸಿ ಎತ್ತಿ, ಬೇರು ಕೆಳಗ ಮಾಡಿ ಇಡೂದು. ಜನವರಿ 30ರ ಹೊತ್ತಿಗೆ 24ರಾಗ 22 ಮೊಳತ್ವು, ಮುರದದ್ದು ಬಿಟ್ಟು 20 ಕಪ್ಪಿಗೆ ಹೋದ್ವು. ಅದೇ ಕಾಯಿ ಬೀಜ, ಅದೇ ಮನಿ. 3 ಎಲ್ಲಿ 22 ಎಲ್ಲಿ.

ಭೂತ್ ಜೊಲೊಕಿಯಾ ಅಂದ್ರ ತಾಳ್ಮಿ. ಬ್ಯಾಡಗಿ ಕ್ಯಾಪ್ಸಿಕಂ ಆನಮ್ ಜಾತಿ, ಭೂತ್ ಕ್ಯಾಪ್ಸಿಕಂ ಚೈನೆನ್ಸ್, ಈ ಜಾತಿ ಎರಡರಿಂದ ಐದು ವಾರ ತಗೊಂಡ್ರೂ ಅದು ಸಹಜ. ಮೊದಲನೇ ಮೊಳಕಿ ಫೆಬ್ರುವರಿ 2ಕ್ಕ, 13ನೇ ದಿನ. ಕೊನೇದು ಫೆಬ್ರುವರಿ 14ಕ್ಕ. 16ರಾಗ 9. ನಡುವ ಎರಡ್ ಸರ್ತಿ ಅರಿವಿ ಬದಲಿ ಮಾಡಿ ಬೀಜ ತೊಳೆದಿದ್ನಿ, ಯಾಕಂದ್ರ ಅಷ್ಟ ದಿನ ಬೆಚ್ಚಗ ಹಸಿ ಇದ್ರ ವಾಸನಿ ಹಿಡೀತೈತಿ. ಹತ್ತ ದಿನಕ್ಕ ಏನೂ ಆಗಿಲ್ಲ ಅಂತ ಚೆಲ್ಲಿದ್ರ ಆ 9 ಗಿಡ ಇರ್ತಿದ್ದಿಲ್ಲ.

ಇಲ್ಲಿಗೆ ಗೆದ್ವಿ ಅಂತ ಮನ್ಯಾಗ ಎಲ್ಲಾರಿಗೂ ಖುಷಿ. ಬ್ಯಾಡಗಿ ಸಸಿ ಫೆಬ್ರುವರಿ 5ರ ಸುಮಾರು ಎದ್ವು, ಬಿಲ್ಲಿನಂಗ ಬಾಗಿದ ದಂಟು ಮೊದಲ ಮ್ಯಾಲೆ ಬಂದು, ಆಮ್ಯಾಲೆ ಎರಡು ಬೀಜದ ಎಲಿ ಬಿಚ್ಚಿಕೊಂಡ್ವು. ನಾ ಏನ್ ಮಾಡಿದ್ನಿ ಅಂದ್ರ, ಕಾವು ಕೊಟ್ಟಿದ್ದಕ್ಕ ಇಷ್ಟ ಛಲೋ ಬಂದಾವ, ಮುಂದೂ ಹಂಗ ಇರಲಿ ಅಂತ ಕಪ್ಪೆಲ್ಲಾ ಅದೇ ಥರ್ಮಾಕೋಲ್ ಡಬ್ಬ್ಯಾಗ ಇಟ್ಟು ಮ್ಯಾಲೆ ಪ್ಲಾಸ್ಟಿಕ್ ಹಾಳಿ ಮುಚ್ಚಿದ್ನಿ. ಮಣ್ಣು ಅದೇ ತುಳಸಿ ಕಟ್ಟಿ ಮಗ್ಗಲಿಂದು. ಅಪ್ಪಗ ಸಸಿ ಅಂದ್ರ ಭಾಳ ಅಕ್ಕರತಿ, ಮುಂಜಾನೆ ಒಮ್ಮೆ ಸಂಜಿಮುಂದ ಒಮ್ಮೆ ಚಮಚೆಲೆ ನೀರು ಹಾಕ್ತಿದ್ದ. ಹಾಳಿ ಒಳಗ ಹನಿ ಹನಿ ಬೆವರು ಕೂತಿರ್ತಿತ್ತು, ನೋಡಾಕ ಎಷ್ಟ ತಂಪು ಅನಿಸೂದು.

ಫೆಬ್ರುವರಿ 10 ಮುಂಜಾನೆ ಹಾಳಿ ತಗದ್ರ 4 ಸಸಿ ಮಲಕೊಂಡಿದ್ವು. ಎಲಿ ಹಸರ ಹಂಗೇ ಐತಿ, ಬಾಡಿಲ್ಲ, ಯಾರೋ ಕಡದು ಅಡ್ಡ ಮಲಗಿಸಿದಂಗ. ಒಂದನ್ನ ಎತ್ತಿ ನೋಡಿದ್ನಿ. ಮಣ್ಣಿಗೆ ತಾಗೋ ಜಾಗಾದಾಗ ದಂಟು ಎರಡ ಬೆರಳಿಲೆ ಹಿಚುಕಿದಂಗ ಸಣ್ಣಾಗಿ ಹೊಲಿಯೋ ದಾರದಷ್ಟು ಆಗಿತ್ತು, ನೀರು ನೀರು, ಕಂದು ಬಣ್ಣ, ಅದರ ಮ್ಯಾಲಿನ ದಂಟು ಮಾತ್ರ ನೆಟ್ಟಗ ಗಟ್ಟಿ. ಮಣ್ಣಿನ ಮ್ಯಾಲೆ ಬೆಳ್ಳಗ ಬೂಸ್ಟು ಹಬ್ಬಿತ್ತು, ಜೇಡರ ಬಲಿ ಹಂಗ. ಮರುದಿನ 5, ಅದರ ಮರುದಿನ 2. ಇಪ್ಪತ್ತಿದ್ದಿದ್ದು ಮೂರ್ ದಿನದಾಗ ಒಂಬತ್ತು. ಅಪ್ಪ ಆ ಮೂರೂ ದಿನ ಕಪ್ಪಿನ ಮುಂದ ಹೋಗಿ ನಿಂತು ಸುಮ್ಮನ ಬರೂದು, ಏನೂ ಮಾತಾಡ್ತಿದ್ದಿಲ್ಲ.

ಇದಕ್ಕ ಸಸಿ ಸಾಯೋ ರೋಗ ಅಂತಾರ, ನರ್ಸರಿಯವ್ರು ಡ್ಯಾಂಪಿಂಗ್ ಆಫ್ ಅಂತಾರ. ಪಿಥಿಯಂ, ರೈಜಾಕ್ಟೋನಿಯಾ ಅನ್ನೋ ಮಣ್ಣಿನ ಶಿಲೀಂಧ್ರದಂಥವುಗಳ ಕೆಲಸ ಇದು. ಅವು ಎಲ್ಲಾ ಮಣ್ಣಾಗೂ ಇರ್ತಾವ, ದೊಡ್ಡ ಗಿಡಕ್ಕ ಹಿಂಗ ಒಂದ ರಾತ್ರ್ಯಾಗ ಮಲಗಸಾಕ ಆಗೂದಿಲ್ಲ, ಎಳಿ ದಂಟು ಮಾತ್ರ ಅವಕ್ಕ ಬೆಣ್ಣಿ ಇದ್ದಂಗ. ಮಣ್ಣು ಸದಾ ಹಸಿ, ಗಾಳಿ ಇಲ್ಲ, ಮ್ಯಾಲೆ ಬೆಚ್ಚಗ ಮುಚ್ಚಿಟ್ಟೈತಿ ಅಂದ್ರ ಅವು ಬೆಳೆಯಾಕ ಅದಕ್ಕಿಂತ ಛಲೋ ಜಾಗಾ ಇಲ್ಲ. ಅಂದ್ರ ಬೀಜಕ್ಕ ಯಾವುದು ಜೀವ ಕೊಟ್ಟಿತ್ತೋ, ಆ ಕಾವು, ಆ ಹಸಿ, ಆ ಮುಚ್ಚಳ, ಸಸಿ ತಲಿ ಎತ್ತಿದ ದಿನದಿಂದ ಅದೇ ಅದರ ಕುತ್ತಿಗಿ ಹಿಡೀತು. ಮೊಳಕಿ ಹೊರಗ ಬಂದ ತಕ್ಷಣ ಎಲ್ಲಾ ತಿರುವುಮುರುವು ಮಾಡಬೇಕಿತ್ತು: ಮುಚ್ಚಳ ತಗೀಬೇಕು, ಬೆಳಕು ಕೊಡಬೇಕು, ಗಾಳಿ ಆಡಬೇಕು, ನೀರು ಕಡಿಮಿ ಮಾಡಬೇಕು, ಕಾವು ಇಳಿಸಬೇಕು. ಹೆಪ್ಪಾದ ಮ್ಯಾಲೂ ಮಸರು ಬೆಚ್ಚಗ ಇಟ್ರ ಹುಳಿ ಆಗ್ತೈತಲ್ಲ. ಅವ್ವನ ಉಪಾಯದಾಗ ಅರ್ಧಾನ ನಾ ತಗೊಂಡಿದ್ನಿ, ಹೊರಗ ಯಾವಾಗ ತಗೀಬೇಕು ಅನ್ನೂದನ್ನ ತಗೊಂಡಿದ್ದಿಲ್ಲ.

ಬಿದ್ದಿದ್ದು ಮತ್ತ ಏಳೂದಿಲ್ಲ, ಅದಕ್ಕ ಔಷಧಿ ಇಲ್ಲ, ಉಳದದ್ದನ್ನ ಉಳಿಸಿಕೊಳ್ಳೂದಷ್ಟ. ಸತ್ತ ಸಸಿ ಕಪ್ಪು ಸಮೇತ ಮನಿಯಿಂದ ಹೊರಗ ಒಗದ್ನಿ. ಉಳದ 9 ಕಪ್ಪು ಡಬ್ಬ್ಯಾಗಿಂದ ತಗದು ದೂರ ದೂರ ಇಟ್ಟು, ಸಣ್ಣ ಯುಎಸ್‌ಬಿ ಫ್ಯಾನು ದೂರದಿಂದ ಮೆಲ್ಲಕ ಬಿಟ್ಟೆ, ಎಲಿ ಅಲ್ಲಾಡೂವಷ್ಟ. ಹಾವೇರಿ ಕಡೆ ಹೊಲ ಮಾಡೋ ಕಾಕಾ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ಶಿಲೀಂಧ್ರದ ಔಷಧಿ ಕೊಟ್ಟ, ಲೀಟರಿಗೆ 3 ಗ್ರಾಂ ಕಲಿಸಿ ಬುಡಕ್ಕ ಮಾತ್ರ ಒಂದೊಂದ ಚಮಚೆ ಹಾಕಿದ್ನಿ, ಕೈಗೆ ಗ್ಲೌಸು, ಮೂಗಿಗೆ ಮಾಸ್ಕು, ಅಡಗಿ ಮನಿ ಬಿಟ್ಟು ಹಿತ್ತಲದಾಗ. ಆಮ್ಯಾಲೆ ಬಿದ್ದಿಲ್ಲ ಒಂದೂ. ಔಷಧಿಯಿಂದ ನಿಂತ್ವೋ ಗಾಳಿಯಿಂದ ನಿಂತ್ವೋ ಅಂದ್ರ, ಮೂರನೇ ಸರ್ತಿ ಔಷಧಿ ಒಂಚೂರೂ ಹಾಕಲಿಲ್ಲ, ಆದ್ರೂ ರೋಗ ಬರಲಿಲ್ಲ, ಅದಕ್ಕ ನನ್ನ ತೀರ್ಪು ಗಾಳಿ ಮತ್ತ ನೀರಿನ ಕಡೇನ.

ಆ ಮೂರನೇ ಸರ್ತಿ ಫೆಬ್ರುವರಿ 12ಕ್ಕ, ರಂಜಕದ ಬೀಜ ಮತ್ತ 24. ಮೊಳಕಿ ಅದೇ ರೀತಿ ಕಟ್ಟಿದ್ವಿ, 21 ಒಡದ್ವು. ಮಣ್ಣು ಬಿಟ್ಟು ಕೋಕೋಪೀಟ್ (ತೆಂಗಿನ ಸಿಪ್ಪಿ ಪುಡಿ) ತಂದ್ನಿ. 650 ಗ್ರಾಂ ಇಟ್ಟಂಗಿ ನೀರು ಕುಡದು 8 ಲೀಟರ್ ಸುಮಾರು ಉಬ್ಬತೈತಿ. ಅದರಾಗ ತೆಂಗಿನ ಸಿಪ್ಪಿಯ ಉಪ್ಪು ಇರ್ತೈತಿ, ಮೂರ್ ನೀರಾಗ ತೊಳೆದು ಹಿಂಡಿ ಬಳಸಬೇಕು. ಮೂರು ಪಾಲು ಕೋಕೋಪೀಟ್, ಒಂದ ಪಾಲು ಜರಡಿ ಹಿಡದ ಎರಿಹುಳ ಗೊಬ್ಬರ. ಸಸಿ ತಲಿ ಎತ್ತಿದ ದಿನಾನ ಮುಚ್ಚಳ ತಗದ್ನಿ, ಮೊದಲು ಎದ್ದದ್ದಕ್ಕ ಮೊದಲು, ಉಳದದ್ದಕ್ಕ ಕಾಯಲಿಲ್ಲ. ನೀರು ಮ್ಯಾಲಿಂದ ಹಾಕೂದೇ ಬಂದ್. ಕಪ್ಪು ಎತ್ತಿ ನೋಡೂದು, ಹಗರ ಅನಿಸಿದ್ರ ಪರಾತದಾಗ ಒಂದ ಬೆರಳು ನೀರು ಹಾಕಿ ಹತ್ತ ನಿಮಿಷ ನಿಲ್ಲಿಸಿ ತಗಿಯೂದು. ಅಪ್ಪಗ ನೀರಿನ ಚಮಚೆ ಬಿಡಿಸಿ ಈ ಎತ್ತಿ ನೋಡೋ ಕೆಲಸಾ ಕೊಟ್ನಿ, ನಾಕ ದಿನದಾಗ ಅವನ ಕೈಗೆ ತೂಕ ಹೆಂಗ ಕೂತಂದ್ರ ನನಕಿಂತ ಅವನ ಅಂದಾಜ ಬರಾಬರಿ. ಎರಡ್-ಮೂರ್ ದಿನಕ್ಕ ಒಮ್ಮೆ ನೀರು ಸಾಕಾಗ್ತಿತ್ತು. 21ರಾಗ ಒಂದ ಮಾತ್ರ ಹೋತು, ಅದೂ ಬೀಜದ ಸಿಪ್ಪಿ ಎಲಿಗೆ ಬಿಗಿದು ಬಿಚ್ಚಲಾರದ.

ಬೆಳಕಿನ ಮಾತು ಹೇಳದಿದ್ರ ಅರ್ಧ ಆಗ್ತೈತಿ. ನಮ್ಮ ಖೋಲಿ ಕಿಟಕಿ ತೆಂಕಣ ಮಕಾ. ಥಂಡ್ಯಾಗ ಸೂರ್ಯ ದಕ್ಷಿಣಕ್ಕ ವಾಲಿರ್ತಾನ, ಬಿಸಲು ಒಳಗ ಮಂಚದ ತನಕ ಬರ್ತೈತಿ. ಫೆಬ್ರುವರಿ ಕೊನಿಗೆ ಅದೇ ಬಿಸಲು ಕಿಟಕಿ ಕಟ್ಟಿಗೆ ಸರದಿತ್ತು, ಏಪ್ರಿಲ್ ಕೊನಿ ಹೊತ್ತಿಗೆ ನಮ್ಮಲ್ಲಿ ಸೂರ್ಯ ನೆತ್ತಿ ಮ್ಯಾಲೆ ಬರ್ತಾನ, ಆಗ ತೆಂಕಣ ಕಿಟಕಿಗೆ ನೇರ ಬಿಸಲೇ ಇಲ್ಲ. ಕಣ್ಣಿಗೆ ಖೋಲಿ ಬೆಳ್ಳಗ ಕಾಣ್ತೈತಿ, ಸಸಿಗೆ ಅದು ಸಾಲೂದಿಲ್ಲ. ಮೊದಲಿನ ಸಸಿ ಉದ್ದಕ ಬೆಳ್ಳಗ ಕಿಟಕಿ ಕಡೆ ಕುತ್ತಿಗಿ ಚಾಚಿದ್ವು. 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬು, 6500 ಕೆಲ್ವಿನ್ ಅಂತ ಮ್ಯಾಲೆ ಬರದಿರ್ತೈತಲ್ಲ ಅದು, ಸಸಿ ತಲಿಯಿಂದ ನಾಕ ಇಂಚು ಮ್ಯಾಲೆ ದಾರದಿಂದ ಕಟ್ಟಿದ್ನಿ, ಸಸಿ ಬೆಳದಂಗ ದಾರ ಎತ್ತೂದು. ಮುಂಜಾನೆ 6ರಿಂದ ರಾತ್ರಿ 9. ನಡುವ ಕರೆಂಟ್ ಹೋದ್ರ ಚಿಂತಿ ಮಾಡಲಿಲ್ಲ, ಒಂದೆರಡ ತಾಸಿಗೆ ಏನೂ ಆಗೂದಿಲ್ಲ. ವಾರದಾಗ ದಂಟು ದಪ್ಪ ಆತು, ಎಲಿ ಕಡು ಹಸರ. ಗುಲಾಬಿ ಬಣ್ಣದ ತುಟ್ಟಿ ಲೈಟು ಬೇಕಾಗಲೇ ಇಲ್ಲ.

ಬೀಜದ ಎಲಿ ಬಿಟ್ಟು ನಿಜದ ಎಲಿ ಎರಡು ಜೋಡಿ ಬಂದ ಮ್ಯಾಲೆ 19:19:19 ಗೊಬ್ಬರ (ಸಾರಜನಕ, ಫಾಸ್ಫರಸ್, ಪೊಟ್ಯಾಷ್ ಮೂರೂ ಸಮ ಇರೋದು) ಲೀಟರಿಗೆ ಅರ್ಧ ಗ್ರಾಂ, ವಾರಕ್ಕ ಒಮ್ಮೆ. ಕೋಕೋಪೀಟಿನಾಗ ಊಟ ಏನೂ ಇರೂದಿಲ್ಲ, ತಡಾ ಮಾಡಿದ ಆರು ಕಪ್ಪಿನ ಸಸಿ ಎಲಿ ಹಳದಿ ತಿರಗಿದ್ವು, ಗೊಬ್ಬರ ಕೊಟ್ಟ ಮ್ಯಾಲೆ ಹೊಸ ಎಲಿ ಹಸರ ಬಂತು. ಉದ್ದಾದ ಹಳೇ ಸಸಿಗಳನ್ನ ದೊಡ್ಡ ಕಪ್ಪಿಗೆ ಬದಲಿಸೋವಾಗ ಬೀಜದ ಎಲಿ ತನಕ ಹೂಳಿದ್ನಿ, ನೆಟ್ಟಗ ನಿಂತ್ವು.

ಮಾರ್ಚ್ ಕೊನಿಗೆ ಮಾಳಗಿಗೆ ಕೊಂಡೊಯ್ಯೋ ಹೊತ್ತು. ಒಳಗ ಬೆಳದ ಸಸಿಗೆ ನಮ್ಮ ಬಿಸಲು ಅಂದ್ರ ಬೆಂಕಿ. ಮೊದಲ ದಿನ ಮುಂಜಾನೆ ಏಳಕ್ಕ ಅರ್ಧ ತಾಸು, ಮರುದಿನ ಒಂದ ತಾಸು, ಹಿಂಗ ಹನ್ನೆರಡ ದಿನ. ಒಂದಿನ ಬ್ಯಾರೆ ಊರಿಗೆ ಹೋಗಿ ಮಧ್ಯಾಹ್ನದ ತನಕ ಮರತು 3 ಸಸಿ ಎಲಿ ಬೆಳ್ಳಗ ಕಾಗದದಂಗ ಸುಟ್ವು, ಚಿಗುರು ಉಳದಿತ್ತು, ಬದುಕಿಕೊಂಡ್ವು. ಯುಗಾದಿ ಮುಗದ ಮ್ಯಾಲೆ ಲೆಕ್ಕ ಹಾಕಿದ್ರ ಬ್ಯಾಡಗಿ ಮೊದಲಿನ 9, ಆಮ್ಯಾಲಿನ 20, ಒಟ್ಟ 29, ಭೂತ್ 9ರಾಗ 8. ಹನ್ನೆರಡು ಇಂಚಿನ ಗ್ರೋ ಬ್ಯಾಗಿನಾಗ ಬ್ಯಾಡಗಿ 10, ಭೂತ್ 4 ಇಟ್ಕೊಂಡು ಉಳದದ್ದನ್ನ ಓಣ್ಯಾಗ, ಗದಗದಾಗಿನ ಅಕ್ಕನ ಮನಿಗೆ, ಕಾಕಾಗ ಕೊಟ್ಟೆ.

ಏಪ್ರಿಲ್-ಮೇದಾಗ ಹೂ ಬಂದಂಗ ಉದರಿದ್ವು, ಹಗಲು 35 ದಾಟಿದ್ರ ಹಂಗ ಆಗೂದು ಇದ್ದದ್ದ. ನುಶಿನೂ ಬಂತು. ಎಲಿ ಅಂಚು ದೋಣಿ ಹಂಗ ಮ್ಯಾಲಕ್ಕ ಮಡಚಿದ್ರ ಥ್ರಿಪ್ಸ್, ಕೆಳಕ್ಕ ಮಡಚಿದ್ರ ಮೈಟ್ ಅನ್ನೋ ಇನ್ನೊಂದು ಸಣ್ಣ ಹುಳ, ಇದು ಕಾಕಾ ಕಲಿಸಿದ್ದು, ನಮ್ಮದು ಮ್ಯಾಲಕ್ಕ ಮಡಚಿತ್ತು. ಬೇವಿನೆಣ್ಣಿ ಲೀಟರಿಗೆ 5 ಮಿಲಿ, ಒಂಚೂರು ಸೋಪಿನ ನೀರು ಕೂಡಿಸಿ ಸಂಜಿಮುಂದ ವಾರಕ್ಕ ಎರಡ್ ಸರ್ತಿ, ನೀಲಿ ಅಂಟು ಹಾಳಿ ಎರಡು. ಗಿಡ ಆಗಲೇ ಮೊಳಕಾಲೆತ್ತರ ಇದ್ದಿದ್ದಕ್ಕ ತಡಕೊಂಡ್ವು. ಮಳಿ ಹಿಡದ ಮ್ಯಾಲೆ ಹೂ ನಿಂತು ಕಾಯಿ ಕಟ್ಟಿದ್ವು.

ಬ್ಯಾಡಗಿ ಹತ್ತು ಗಿಡದಾಗ ಆರಕ್ಕ ಮಾತ್ರ ನಾವು ತಿಳಕೊಂಡಂಥ ಬ್ಯಾಡಗಿ ಕಾಯಿ ಬಂದ್ವು, ಉದ್ದ, ತೆಳು, ಹಣ್ಣಾದ ಮ್ಯಾಲೆ ಒಣಗಿಸಿದ್ರ ಮೈ ತುಂಬ ಸುಕ್ಕು. ಮೂರು ಗಿಡದ್ದು ನುಣ್ಣಗ, ಖಾರ ಹೆಚ್ಚು, ಒಂದರದ್ದು ಗಿಡ್ಡ. ಮೆಣಸಿನಕಾಯಿ ಹೂ ಹುಳದಿಂದ ಪರಾಗ ಕಲೀತೈತಿ, ಮಾರ್ಕೆಟ್ಟಿಗೆ ಬರೋ ಕಾಯಿದಾಗ ಹೈಬ್ರಿಡ್ಡೂ ಇರ್ತೈತಿ, ಅದರ ಬೀಜ ಹಾಕಿದ್ರ ತಾಯಿಯಂಗ ಬರ್ತೈತಿ ಅಂತಿಲ್ಲ. 2011ರಾಗ ಜಿಐ (ಆ ಊರಿನ ಹೆಸರಿಗೇ ಸೇರಿದ ಬೆಳಿ ಅನ್ನೋ ಗುರುತು) ಮಾನ್ಯತೆ ಸಿಕ್ಕ ನಮ್ಮ ತಳಿ ಹಿಂಗ ಕಲಬೆರಕಿ ಆಗೂದು ನೋಡಿ ನನಗ ಖರೇನ ಸಂಕಟ ಆತು. ಅದಕ್ಕ ಆ ಆರರಾಗ ಎಲ್ಲಾಕ್ಕಿಂತ ಸುಕ್ಕು ಛಲೋ ಇದ್ದ ಎರಡು ಗಿಡದ ಮೊಗ್ಗಿಗೆ, ಹೂ ಬಿಚ್ಚೋ ಮೊದಲ, ಸೊಳ್ಳಿ ಪರದಿ ಹರದು ಹೊಲದ ಸಣ್ಣ ಚೀಲ ಕಟ್ಟಿದ್ನಿ, ಮುಂಜಾನೆ ಒಮ್ಮೆ ಬೆರಳಿಲೆ ತಟ್ಟಿ ಪರಾಗ ಉದರಿಸೂದು, ಕಾಯಿ ಕಚ್ಚಿದ ಮ್ಯಾಲೆ ಚೀಲ ತಗದು ತೊಟ್ಟಿಗೆ ಕೆಂಪು ದಾರ. ಹನ್ನೊಂದು ಕಾಯಿ ಸಿಕ್ವು. ಅದರ ಬೀಜ ಬಿಡಿಸಿ ಒಣಗಿಸಿ, ಗಿಡದ ನಂಬರ್ ಮತ್ತ ತಾರೀಖು ಬರದ ಲಕೋಟಿಯಾಗ ಹಾಕಿ ಇಟ್ಟೇನಿ. ಈ ಸಲ ಥಂಡಿ ಶುರು ಆದಾಗ ಥರ್ಮಾಕೋಲ್ ಡಬ್ಬಿ ಒಂದೇ ಐತಿ, ನಿನಗ ಬೀಜಕ್ಕ ಬೇಕು ನನಗ ಹೆಪ್ಪಿಗೆ ಬೇಕು ಅಂತ ಅವ್ವ ಮೊದಲ ಹೇಳ್ಯಾಳ, ಇನ್ನೊಂದು ಡಬ್ಬಿ ಔಷಧಿ ಅಂಗಡ್ಯಾಗ ಕೇಳಿ ಬಂದೇನಿ.